ಹುರುಳಿಕಾಯಿಗೆ ಎಷ್ಟು ಗೊಬ್ಬರ? ಮೊದಲು ಬೇರು ನೋಡಿ, ಆಮೇಲೆ ಮೂಟೆ ಬಿಚ್ಚಿ

2025ರ ಮುಂಗಾರಿನಲ್ಲಿ ಯೂರಿಯಾ ಸಿಗದೆ ರಾಜ್ಯದ ಎಷ್ಟೋ ಕಡೆ ರೈತರು ಗೊಬ್ಬರದ ಅಂಗಡಿ ಮುಂದೆ ಸಾಲು ನಿಂತರು. ಆ ದಿನಗಳಲ್ಲಿ ಪರಿಚಯದ ತರಕಾರಿ ಬೆಳೆಗಾರರೊಬ್ಬರು ನನ್ನನ್ನು ಕೇಳಿದ್ದರು: "ಅರ್ಧ ಎಕರೆ ಹುರುಳಿಕಾಯಿ ಹಾಕಿದ್ದೀನಿ. ಒಂದೇ ಮೂಟೆ ಯೂರಿಯಾ ಸಿಕ್ತು. ಸಾಕಾಗುತ್ತಾ?"

ಒಂದು ಮೂಟೆ ಯೂರಿಯಾ ಅಂದರೆ 45 ಕೆಜಿ. ಅವರು ಬಿತ್ತುವಾಗಲೇ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಕೊಟ್ಟಿದ್ದರು. ಹಾಗಿದ್ದ ಮೇಲೆ ಅರ್ಧ ಎಕರೆಗೆ ಬೇಕಿದ್ದ ಯೂರಿಯಾ ಸುಮಾರು 10 ಕೆಜಿ, ಅಷ್ಟೇ. ಉಳಿದ 35 ಕೆಜಿ ಸುರಿದಿದ್ದರೆ ದುಡ್ಡು ಹೋಗುವುದರ ಜೊತೆಗೆ ಕಾಯಿಯೂ ಕಮ್ಮಿಯಾಗುತ್ತಿತ್ತು.

10 ಕೆಜಿ ಎಲ್ಲಿಂದ ಬಂತು? ಜಾಸ್ತಿ ಹಾಕಿದರೆ ಕಾಯಿ ಯಾಕೆ ಕಮ್ಮಿ? ಇದನ್ನು ತಿಳಿಯಲು ಈ ಗಿಡದ ಸ್ವಭಾವದಿಂದಲೇ ಶುರು ಮಾಡಬೇಕು.

ಹುರುಳಿ ಬೇರೆ, ಹುರುಳಿಕಾಯಿ ಬೇರೆ

ಹಳೇ ಮೈಸೂರು ಕಡೆ ಹುರುಳಿಕಾಯಿ ಅಂದರೆ ಪಲ್ಯಕ್ಕೆ ಹಾಕುವ ಬೀನ್ಸ್. ಸಾರಿಗೆ, ದನಕ್ಕೆ ಬೇಯಿಸುವ ಹುರುಳಿಕಾಳಿನ ಗಿಡ ಬೇರೆಯೇ. ಎರಡೂ ದ್ವಿದಳ ಜಾತಿಯವು. ಆದರೆ ಗುಣದಲ್ಲಿ ತುಂಬಾ ವ್ಯತ್ಯಾಸ.

ಹುರುಳಿ, ಅಲಸಂದೆ, ಅವರೆ ನಮ್ಮ ಕೆಂಪು ನೆಲಕ್ಕೆ ಒಗ್ಗಿದವು. ಗೊಬ್ಬರ ಇಲ್ಲದೆ, ಬರೀ ಮಳೆ ನೀರಲ್ಲಿ ಹೇಗೋ ಬೆಳೆದುಬಿಡುತ್ತವೆ. ಬೀನ್ಸ್ ಹಾಗಲ್ಲ. ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಬೇರು ಮೇಲ್ಪದರದಲ್ಲೇ ಹರಡುತ್ತದೆ, ಜಾಸ್ತಿ ಆಳಕ್ಕೆ ಇಳಿಯುವುದಿಲ್ಲ. ಆಯಸ್ಸೂ ಚಿಕ್ಕದು. ಅರ್ಕಾ ಕೋಮಲ್‌ನಂಥ ಗಿಡ್ಡ ತಳಿ ಬಿತ್ತಿದರೆ 35-40 ದಿನಕ್ಕೆ ಹೂವು, 50-55 ದಿನಕ್ಕೆ ಮೊದಲ ಕೊಯ್ಲು, 70ರ ಹೊತ್ತಿಗೆ ಬೆಳೆಯೇ ಮುಗಿಯಿತು.

ಎರಡೇ ತಿಂಗಳ ಬೆಳೆ ಅಂದಮೇಲೆ ತಪ್ಪು ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ. ಮೊದಲ 30 ದಿನ ಹೊಟ್ಟೆ ತುಂಬದ ಗಿಡಕ್ಕೆ 50ನೇ ದಿನ ಏನು ಕೊಟ್ಟರೂ ಅಷ್ಟಕ್ಕಷ್ಟೆ. ಹಾಗಾಗಿ ಈ ಬೆಳೆಯಲ್ಲಿ "ಎಷ್ಟು" ಎನ್ನುವುದಕ್ಕಿಂತ "ಯಾವಾಗ, ಎಲ್ಲಿ" ಎನ್ನುವುದೇ ದೊಡ್ಡ ಪ್ರಶ್ನೆ.

ಬೇರಿನ ಗಂಟು: ಗಿಡದ ಸ್ವಂತ ಅಡುಗೆಮನೆ

ಗಿಡಕ್ಕೆ ಎಲೆ, ಕಾಂಡ ಕಟ್ಟಲು ಸಾರಜನಕ ಬೇಕು. ಗಾಳಿಯಲ್ಲಿ 100ಕ್ಕೆ 78 ಭಾಗ ಸಾರಜನಕವೇ ಇದೆ. ಆದರೆ ಅದನ್ನು ಗಿಡ ನೇರವಾಗಿ ಬಳಸಲಾರದು. ಕಣಜದ ತುಂಬ ಭತ್ತವಿದ್ದು ಕುಟ್ಟಲು ಒನಕೆಯೇ ಇಲ್ಲದ ಹಾಗೆ.

ಆ ಕುಟ್ಟುವ ಕೆಲಸ ಮಾಡಿಕೊಡುವುದು ಮಣ್ಣಿನಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ. ದ್ವಿದಳ ಗಿಡದ ಬೇರಿಗೆ ಹೊಕ್ಕು ಸಣ್ಣ ಗಂಟು ಕಟ್ಟಿಕೊಂಡು, ಗಾಳಿಯ ಸಾರಜನಕವನ್ನು ಗಿಡ ಉಣ್ಣುವ ರೂಪಕ್ಕೆ ತರುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಇಬ್ಬರಿಗೂ ಲಾಭವಿರುವ ಕೊಡುಕೊಳ್ಳುವಿಕೆ ಇದು.

ಆದರೆ ದ್ವಿದಳ ಬೆಳೆಗಳ ಪೈಕಿ ಈ ಕೆಲಸದಲ್ಲಿ ಬೀನ್ಸ್ ಹಿಂದೆ. ಗಂಟು ಕಟ್ಟಿ ಕೆಲಸ ಶುರುವಾಗಲು ಎರಡು ಮೂರು ವಾರ ಬೇಕು. ಬೀಜದೊಳಗಿನ ಬುತ್ತಿ ಹತ್ತು ಹನ್ನೆರಡು ದಿನಕ್ಕೇ ಖಾಲಿಯಾಗುತ್ತದೆ. ನಡುವಿನ ದಿನಗಳಲ್ಲಿ ಗಿಡಕ್ಕೆ ಹೊರಗಿನಿಂದ ತುತ್ತು ಬೇಕೇ ಬೇಕು. ಗಂಟು ಕಟ್ಟಿದ ಮೇಲೂ ಅದೊಂದರಿಂದಲೇ ಪೂರ್ತಿ ಹೊಟ್ಟೆ ತುಂಬುವುದಿಲ್ಲ. "ದ್ವಿದಳ ಅಲ್ವಾ, ಸಾರಜನಕ ಯಾಕೆ" ಎಂದು ಬಿಟ್ಟುಬಿಡುವುದು ಬೀನ್ಸ್ ವಿಷಯದಲ್ಲಿ ತಪ್ಪು.

ಅತ್ತ ಯೂರಿಯಾ ಜಾಸ್ತಿ ಸುರಿಯುವುದೂ ತಪ್ಪು. ಮಣ್ಣಿನಲ್ಲೇ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಡುವುದನ್ನು ಕಮ್ಮಿ ಮಾಡುತ್ತದೆ. ಹೋಟೆಲಿನಿಂದ ದಿನಾ ಊಟ ಬರುವ ಮನೆಯಲ್ಲಿ ಒಲೆ ಯಾರು ಹಚ್ಚುತ್ತಾರೆ? ಗಂಟುಗಳು ಕಮ್ಮಿಯಾಗುತ್ತವೆ, ಸೊಪ್ಪು ಕಪ್ಪು ಹಸಿರಾಗಿ ಹಬ್ಬುತ್ತದೆ, ಹೂವು ತಡವಾಗುತ್ತದೆ. ನೋಡಲು ಹೊಲ ಭರ್ಜರಿ, ಬುಟ್ಟಿಗೆ ಬರುವ ಕಾಯಿ ಮಾತ್ರ ಕಮ್ಮಿ. ಸೊಪ್ಪು ಒತ್ತಾಗಿ ಗಾಳಿಯಾಡದೆ ರೋಗವೂ ಬೇಗ ಹತ್ತುತ್ತದೆ.

ಒಂದು ಗಿಡ ಕಿತ್ತು ನೋಡೋಣ

ಇದು ಯಾವ ಪುಸ್ತಕವೂ ಬೇಡದ ಪರೀಕ್ಷೆ. ಬಿತ್ತಿ 30-35 ದಿನ ಆದಾಗ, ಮಣ್ಣು ತೇವ ಇರುವಾಗ ಒಂದು ಗಿಡ ಆರಿಸಿಕೊಳ್ಳಿ. ಕೈಯಲ್ಲಿ ಎಳೆಯಬೇಡಿ, ಗಂಟುಗಳೆಲ್ಲ ಮಣ್ಣಲ್ಲೇ ಉದುರಿಹೋಗುತ್ತವೆ. ಸುತ್ತ ಒಂದು ಗೇಣು ಬಿಟ್ಟು ಗುದ್ದಲಿಯಿಂದ ಹೆಂಟೆ ಸಮೇತ ಎತ್ತಿ. ಬಕೆಟ್ ನೀರಲ್ಲಿ ನಿಧಾನವಾಗಿ ಅಲುಗಾಡಿಸಿ. ಮಣ್ಣು ಕರಗಿ ಬೇರು ಬೆಳ್ಳಗೆ ಕಾಣುತ್ತದೆ.

ಬೇರಿನ ಪಕ್ಕಕ್ಕೆ ಅಂಟಿಕೊಂಡ ಹಾಗೆ, ಸಾಸಿವೆ ಗಾತ್ರದಿಂದ ಮೆಣಸಿನ ಕಾಳಿನ ಗಾತ್ರದವರೆಗಿನ ಉಂಡೆಗಳು ಕಂಡರೆ ಅವೇ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಇದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನೆಂಟನಾದ ಒಂದು ವಸ್ತುವಿನದು. ಒಳಗೆ ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ ಅಥವಾ ಕೆಲಸಕ್ಕೆ ಬಾರದ ಬ್ಯಾಕ್ಟೀರಿಯಾ. ಹಸಿರು, ಕಂದು ಇದ್ದರೆ ಅದರ ಕಾಲ ಮುಗಿದಿದೆ.

ಇಲ್ಲೊಂದು ಎಚ್ಚರಿಕೆ ಬೇಕು. ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವಿನ (ನೆಮಟೋಡ್) ಬಾಧೆಯಿಂದಲೂ ಬೇರು ಗಂಟಾಗುತ್ತದೆ. ಗುರುತು ಸುಲಭ: ಒಳ್ಳೆಯ ಗಂಟು ಪಕ್ಕಕ್ಕೆ ಅಂಟಿರುತ್ತದೆ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಜಂತುಹುಳುವಿನ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಉಜ್ಜಿದರೆ ಬರುವುದಿಲ್ಲ. ಎಷ್ಟೋ ಜನ ಎರಡನೆಯದನ್ನು ನೋಡಿ ಖುಷಿಪಡುತ್ತಾರೆ, ಅದಕ್ಕೇ ಹೇಳಿದೆ.

ಗಂಟು ಚೆನ್ನಾಗಿ ಕಟ್ಟಲು ಬಿತ್ತುವ ಮೊದಲು ಬೀಜಕ್ಕೆ ರೈಜೋಬಿಯಂ ಲೇಪಿಸಬಹುದು. ಬೆಲ್ಲ ಕರಗಿಸಿ ಆರಿಸಿದ ನೀರು ಅಥವಾ ತಣ್ಣನೆ ಗಂಜಿ ಚಿಮುಕಿಸಿ, ಪುಡಿ ಬೆರೆಸಿ, ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಬೇಕು. ಬಿಸಿಲಿಗೆ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಬೀಜಕ್ಕೆ ಮೊದಲೇ ಶಿಲೀಂಧ್ರನಾಶಕ ಹಚ್ಚಿದ್ದರೂ ಅದು ಬದುಕುವುದು ಕಷ್ಟ. ಕೊಳ್ಳುವಾಗ "ಬೀನ್ಸ್‌ಗೆ ಆಗುವಂಥದ್ದು" ಎಂದೇ ಕೇಳಿ. ಶೇಂಗಾಕ್ಕೆ ಮಾಡಿದ ಪುಡಿ ಬೀನ್ಸ್ ಬೇರಿನಲ್ಲಿ ಕೆಲಸ ಮಾಡುವುದಿಲ್ಲ. ಪ್ರತಿ ಬೆಳೆಗೂ ಅದರದ್ದೇ ಜೊತೆಗಾರ.

ಮೂಟೆಯ ಮೇಲಿನ ಅಂಕಿಗಳು

ಗೊಬ್ಬರದ ಮೂಟೆಯ ಮೇಲೆ 18:46:0 ಅಂತಲೋ 10:26:26 ಅಂತಲೋ ಬರೆದಿರುತ್ತದೆ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಪ್ರತಿ 100 ಕೆಜಿಯಲ್ಲಿ ಯಾವುದು ಎಷ್ಟು ಕೆಜಿ ಎಂಬ ಲೆಕ್ಕ. ಡಿಎಪಿ 18:46:0. ಅಂದರೆ 100 ಕೆಜಿ ಡಿಎಪಿಯಲ್ಲಿ 18 ಕೆಜಿ ಸಾರಜನಕ, 46 ಕೆಜಿ ರಂಜಕ, ಪೊಟ್ಯಾಷ್ ಇಲ್ಲವೇ ಇಲ್ಲ. ಯೂರಿಯಾದಲ್ಲಿ 46 ಸಾರಜನಕ ಮಾತ್ರ. ಅಂಗಡಿಯಲ್ಲಿ ಸುಮ್ನೆ "ಪೊಟ್ಯಾಷ್" ಎಂದು ಕೊಡುವ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ 60 ಪೊಟ್ಯಾಷ್.

ಮೂರರ ಕೆಲಸ ಬೇರೆ ಬೇರೆ. ಸಾರಜನಕ ಸೊಪ್ಪಿಗೆ. ರಂಜಕ ಬೇರಿಗೆ, ಹೂವಿಗೆ ಮತ್ತು ಗಿಡದೊಳಗಿನ ಶಕ್ತಿ ವ್ಯವಹಾರಕ್ಕೆ. ಬೇರಿನ ಗಂಟಿಗೂ ಈ ಶಕ್ತಿ ಬೇಕು, ಹಾಗಾಗಿ ರಂಜಕ ಕಮ್ಮಿಯಾದರೆ ಗಂಟೂ ಕಮ್ಮಿ. ಪೊಟ್ಯಾಷ್ ಗಿಡದೊಳಗೆ ನೀರಿನ ಹದ ಕಾಯುತ್ತದೆ, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕಾಯಿಗೆ ಸಾಗಿಸಲು ನೆರವಾಗುತ್ತದೆ.

ಒಂದು ಕಮ್ಮಿಯಾದರೆ ಇನ್ನೊಂದನ್ನು ಜಾಸ್ತಿ ಹಾಕಿ ಸರಿಮಾಡಲು ಆಗುವುದಿಲ್ಲ. ಹುಳಿಗೆ ಉಪ್ಪು ಹಾಕುವುದನ್ನು ಮರೆತು, ಇನ್ನೊಂದು ಸೌಟು ಬೇಳೆ ಸುರಿದರೆ ರುಚಿ ಬರುತ್ತದೆಯೇ? ಬೆಳೆಯೂ ಹಾಗೇ. ಯಾವುದು ತೀರಾ ಕಮ್ಮಿ ಇದೆಯೋ ಇಳುವರಿ ಅಲ್ಲಿಗೇ ನಿಲ್ಲುತ್ತದೆ.

ಈಗ 10 ಕೆಜಿ ಲೆಕ್ಕ

ನಮ್ಮ ರಾಜ್ಯದಲ್ಲಿ ನೀರಾವರಿ ಬೀನ್ಸ್‌ಗೆ ರೂಢಿಯಲ್ಲಿರುವ ಶಿಫಾರಸು ಹೆಕ್ಟೇರಿಗೆ 63:100:75. ಎಕರೆ ಲೆಕ್ಕಕ್ಕೆ ತಂದರೆ 25 ಕೆಜಿ ಸಾರಜನಕ, 40 ಕೆಜಿ ರಂಜಕ, 30 ಕೆಜಿ ಪೊಟ್ಯಾಷ್. ಒಮ್ಮೆ ಈ ಅಂಕಿ ನೋಡಿ. ಮೂರರಲ್ಲಿ ಸಾರಜನಕವೇ ಕಮ್ಮಿ, ರಂಜಕವೇ ಜಾಸ್ತಿ. ನಮ್ಮಲ್ಲಿ ಹೊಲಗಳಿಗೆ ಬೀಳುವುದು ಮಾತ್ರ ಇದಕ್ಕೆ ತಿರುವುಮುರುವು.

ರಂಜಕದಿಂದ ಶುರು ಮಾಡೋಣ. 40 ಕೆಜಿ ರಂಜಕ ಬೇಕೆಂದರೆ ಡಿಎಪಿ 87 ಕೆಜಿ, ಅಂದರೆ 50 ಕೆಜಿಯ ಒಂದು ಮುಕ್ಕಾಲು ಮೂಟೆ. ಅದರ ಜೊತೆಗೇ 15-16 ಕೆಜಿ ಸಾರಜನಕ ಬಂದುಬಿಡುತ್ತದೆ. 25ರಲ್ಲಿ ಉಳಿದದ್ದು ಒಂಬತ್ತು ಚಿಲ್ಲರೆ ಕೆಜಿ. ಅದಕ್ಕೆ ಯೂರಿಯಾ 20 ಕೆಜಿ ಸಾಕು. ಅರ್ಧ ಎಕರೆಗೆ 10 ಕೆಜಿ. ಪೊಟ್ಯಾಷ್ ಎಕರೆಗೆ ಒಂದು ಮೂಟೆ, 50 ಕೆಜಿ.

ಡಿಎಪಿಯೂ ಸಿಗದಿದ್ದರೆ? ಸಿಂಗಲ್ ಸೂಪರ್ ಫಾಸ್ಫೇಟ್ ಇದೆ. ಇದರಲ್ಲಿ ರಂಜಕ 16 ಭಾಗ ಮಾತ್ರ, ಹಾಗಾಗಿ ಎಕರೆಗೆ 5 ಮೂಟೆ ಬೇಕು. ಹೊರುವ ಕೆಲಸ ಜಾಸ್ತಿ, ನಿಜ. ಆದರೆ ಇದರ ಜೊತೆ ಗಂಧಕವೂ ಸುಣ್ಣದ ಅಂಶವೂ ಪುಕ್ಕಟೆ ಬರುತ್ತವೆ, ಡಿಎಪಿಯಲ್ಲಿ ಅವೆರಡೂ ಇಲ್ಲ. ಸೂಪರ್ ಹಾಕಿದಾಗ ಸಾರಜನಕ ಪೂರ್ತಿ ಯೂರಿಯಾದಿಂದಲೇ ಬರಬೇಕು: ಎಕರೆಗೆ ಸುಮಾರು 54 ಕೆಜಿ, ಎರಡು ಕಂತಿನಲ್ಲಿ.

ಗುಂಟೆ ಲೆಕ್ಕದಲ್ಲಿ ಬೆಳೆಯುವವರಿಗೆ: ಒಂದು ಗುಂಟೆಗೆ ಡಿಎಪಿ 2.2 ಕೆಜಿ, ಪೊಟ್ಯಾಷ್ 1.25 ಕೆಜಿ, ಯೂರಿಯಾ ಅರ್ಧ ಕೆಜಿ. ಮನೆ ಹಿಂದೆ ನೂರು ಚದರಡಿ ಜಾಗ ಇದ್ದರೆ ಡಿಎಪಿ 200 ಗ್ರಾಂ, ಪೊಟ್ಯಾಷ್ 115 ಗ್ರಾಂ, ಯೂರಿಯಾ 45 ಗ್ರಾಂ. ತಕ್ಕಡಿಯಲ್ಲಿ ತೂಗಿಯೇ ಹಾಕಿ. ಕೈಯಳತೆಯ "ಒಂದು ಹಿಡಿ" ಯಾವಾಗಲೂ ಜಾಸ್ತಿಯೇ ಆಗುತ್ತದೆ.

ಯಾವಾಗ, ಎಲ್ಲಿ

ರಂಜಕ ಮಣ್ಣಲ್ಲಿ ನಡೆದಾಡುವುದಿಲ್ಲ. ಹಾಕಿದ ಜಾಗದಿಂದ ಬಹಳ ಕಮ್ಮಿ ದೂರ ಸರಿಯುತ್ತದೆ. ಅದರಲ್ಲೂ ನಮ್ಮ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದು ಕೂರಿಸಿಕೊಳ್ಳುತ್ತವೆ. ಆಮೇಲೆ ಮೇಲೆ ಎರಚಿದರೆ ಬೇರಿಗೆ ತಲುಪುವುದೇ ಇಲ್ಲ. ಹಾಗಾಗಿ ರಂಜಕ ಪೂರ್ತಿ ತಳಗೊಬ್ಬರವಾಗಿ, ಬಿತ್ತುವಾಗಲೇ, ಬೇರು ಹೋಗುವ ದಾರಿಯಲ್ಲೇ ಬೀಳಬೇಕು. ಪೊಟ್ಯಾಷನ್ನೂ ಆಗಲೇ ಕೊಡುವುದು ರೂಢಿ.

ಬೀಜಕ್ಕೆ ಮಾತ್ರ ತಾಗಬಾರದು. ಉಪ್ಪಿನಕಾಯಿ ಹಾಕುವಾಗ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಹೋಳು ನೀರು ಬಿಟ್ಟು ಮುದುಡುತ್ತದಲ್ಲ, ಗೊಬ್ಬರವೂ ಒಂದು ಬಗೆಯ ಉಪ್ಪೇ. ಬೀಜದ ಪಕ್ಕ ಬಿದ್ದರೆ ಮೊಳಕೆಯ ನೀರನ್ನೇ ಎಳೆದುಕೊಳ್ಳುತ್ತದೆ. ಬೀನ್ಸ್ ಬೀಜ ಇದಕ್ಕೆ ತುಂಬಾ ಬೇಗ ಬಲಿಯಾಗುತ್ತದೆ. ಬೀಜದ ಸಾಲಿನಿಂದ ಎರಡು ಇಂಚು ಪಕ್ಕಕ್ಕೆ, ಬೀಜಕ್ಕಿಂತ ಎರಡು ಇಂಚು ಕೆಳಗೆ ಗೊಬ್ಬರ ಬೀಳಲಿ. ಕೈಯಿಂದ ಬಿತ್ತುವವರು ಮೊದಲು ಗೊಬ್ಬರದ ಸಾಲು ಎಳೆದು ಮಣ್ಣು ಮುಚ್ಚಿ, ಪಕ್ಕದಲ್ಲಿ ಬೀಜದ ಸಾಲು ಹಿಡಿದರೆ ಆಯಿತು.

ಡಿಎಪಿ ಜೊತೆ ಲೆಕ್ಕ ಹಾಕಿದ ಎಕರೆಗೆ 20 ಕೆಜಿ ಯೂರಿಯಾ ಮೇಲುಗೊಬ್ಬರ. 20ರಿಂದ 25ನೇ ದಿನದೊಳಗೆ, ಕಳೆ ಕಿತ್ತು ಬುಡಕ್ಕೆ ಮಣ್ಣು ಏರಿಸುವಾಗ ಕೊಟ್ಟರೆ ಒಂದೇ ಕೂಲಿಯಲ್ಲಿ ಎರಡು ಕೆಲಸ. ಗಿಡದಿಂದ ನಾಲ್ಕು ಬೆರಳು ಬಿಟ್ಟು ಹಾಕಿ, ಮಣ್ಣು ಮುಚ್ಚಿ, ನೀರು ಬಿಡಿ. ಮೇಲೆ ಎರಚಿ ಹಾಗೇ ಬಿಟ್ಟರೆ ಒಂದಷ್ಟು ಭಾಗ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಇಬ್ಬನಿ ಇರುವ ಎಲೆ ಮೇಲೆ ಹರಳು ಬಿದ್ದರೆ ಅಲ್ಲಿ ಸುಟ್ಟ ಕಲೆ. ಹೂವು ತುಂಬಿದ ಮೇಲೆ ಯೂರಿಯಾ ಬೇಡ.

ಹನಿ ನೀರಾವರಿ ಇದ್ದವರಿಗೆ ಕೆಲಸ ಇನ್ನೂ ಸಲೀಸು. ಸಾರಜನಕ, ಪೊಟ್ಯಾಷ್ ಎರಡನ್ನೂ ನೀರಲ್ಲಿ ಕರಗುವ ರೂಪದಲ್ಲಿ ವಾರವಾರ ಸ್ವಲ್ಪ ಸ್ವಲ್ಪ ಬಿಡಬಹುದು. ಮಗುವಿಗೆ ಒಂದೇ ಸಲ ತಟ್ಟೆ ತುಂಬ ಬಡಿಸುವ ಬದಲು ನಾಲ್ಕು ಹೊತ್ತು ಉಣಿಸಿದ ಹಾಗೆ.

ಕೊಟ್ಟಿಗೆ ಗೊಬ್ಬರ ಯಾಕೆ ಬಿಡಬಾರದು

ಬೀನ್ಸ್‌ಗೆ ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರದ ಶಿಫಾರಸು ಇದೆ. ಗುಂಟೆಗೆ 250 ಕೆಜಿ. ಒಳ್ಳೆಯ ತಿಪ್ಪೆ ಗೊಬ್ಬರದಲ್ಲಿ ಸಾರಜನಕ 100ಕ್ಕೆ ಅರ್ಧ ಭಾಗದಷ್ಟು. 10 ಟನ್ನಿನಲ್ಲಿ 50 ಕೆಜಿ! ಹಾಗಾದರೆ ಯೂರಿಯಾ ಯಾಕೆ ಬೇಕು ಎಂದು ಕೇಳಬಹುದು. ಅದು ನಿಧಾನವಾಗಿ ಕರಗುವ ಸೊತ್ತು. ಮೊದಲ ಬೆಳೆಗೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ಮುಂದಿನ ಬೆಳೆಗಳಿಗೆ. ಎರಡು ತಿಂಗಳ ಬೀನ್ಸ್ ಅಷ್ಟು ಹೊತ್ತು ಕಾಯಲಾರದು.

ಆದರೂ ನನ್ನ ಮಟ್ಟಿಗೆ ಕೊಟ್ಟಿಗೆ ಗೊಬ್ಬರವೇ ಮೊದಲು, ಮೂಟೆ ಆಮೇಲೆ. ಅದು ಮಣ್ಣನ್ನು ಸಡಿಲ ಮಾಡುತ್ತದೆ. ನೀರು ಹಿಡಿದಿಡುತ್ತದೆ. ಹಾಕಿದ ರಸಗೊಬ್ಬರ ಕೊಚ್ಚಿಹೋಗದಂತೆ ತಡೆಯುತ್ತದೆ. ಬ್ಯಾಕ್ಟೀರಿಯಾಗಳಿಗೆ ಮನೆ ಕೊಡುತ್ತದೆ. ಬೇರು ಮೇಲ್ಪದರದಲ್ಲೇ ಇರುವ ಬೀನ್ಸ್‌ಗೆ ಮೇಲ್ಮಣ್ಣು ಮೆತ್ತಗಿರುವುದೇ ದೊಡ್ಡ ಅನುಕೂಲ.

ಗೊಬ್ಬರ ಪೂರ್ತಿ ಕಳಿತಿರಬೇಕು. ಒಂದು ಸಲ ಆತುರಕ್ಕೆ ಬಿದ್ದು ಅರ್ಧ ಕಳಿತ ಸಗಣಿ ಗೊಬ್ಬರವನ್ನು ನಾನು ಎರಡು ಮಡಿಗೆ ಹಾಕಿದ್ದೆ. ಮೊಳಕೆ ಬಂತು, ಎರಡೆಲೆ ಬಿಟ್ಟಿತು, ಹತ್ತನೇ ದಿನದ ಹೊತ್ತಿಗೆ ಒಂದೊಂದೇ ಬಾಡತೊಡಗಿದವು. ಕೆದಕಿ ನೋಡಿದರೆ ಬಿಳಿ ಗೊಬ್ಬರದ ಹುಳು ಬೇರು ತಿಂದಿದ್ದವು. ಪಕ್ಕದ ಮಡಿಗೆ ಹಳೆಯ ಗೊಬ್ಬರ ಹಾಕಿದ್ದೆ, ಅಲ್ಲಿ ಒಂದು ಗಿಡವೂ ಹೋಗಲಿಲ್ಲ. ಕಳಿತ ಗೊಬ್ಬರ ಹಿಡಿದರೆ ಬಿಸಿ ಇರಬಾರದು, ಸಗಣಿ ವಾಸನೆ ಇರಬಾರದು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಹಿಡಿಯಲ್ಲಿ ಪುಡಿಪುಡಿ ಆಗಬೇಕು.

ಮಣ್ಣು ಪರೀಕ್ಷೆಯ ಚೀಟಿ ಓದುವುದು

ಇಷ್ಟೆಲ್ಲ ಲೆಕ್ಕ ಸರಾಸರಿ ಮಣ್ಣಿಗೆ. ನಿಮ್ಮ ಹೊಲಕ್ಕೆ ಎಷ್ಟು ಎನ್ನುವುದನ್ನು ನಿಮ್ಮ ಮಣ್ಣೇ ಹೇಳಬೇಕು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶಗಳಿರುತ್ತವೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ.

ಮಾದರಿ ತೆಗೆಯುವುದರಲ್ಲೇ ಅರ್ಧ ನಿಖರತೆ ಇದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ, ಮೇಲಿನ ಕಸಕಡ್ಡಿ ಸರಿಸಿ, 'ವಿ' ಆಕಾರದ ಅರ್ಧ ಅಡಿ ಗುಂಡಿ ತೋಡಿ. ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದಲ್ಲಿ ಮಣ್ಣು ಕೆರೆದುಕೊಳ್ಳಿ. ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಬನ್ನಿ. ಕೊನೆಗೆ ಅರ್ಧ ಕೆಜಿ ಉಳಿಸಿಕೊಳ್ಳಿ. ಬದುವಿನ ಹತ್ತಿರ, ಮರದ ನೆರಳಲ್ಲಿ, ತಿಪ್ಪೆ ಇದ್ದ ಜಾಗದಲ್ಲಿ ತೆಗೆಯಬೇಡಿ.

ಕಾರ್ಡ್ ಬಂದಾಗ ಮೊದಲು ಪಿಎಚ್ ನೋಡಿ. ಇದು ಹುಳಿ, ಕ್ಷಾರದ ಅಳತೆ. 7 ಮಧ್ಯ, ಅದಕ್ಕಿಂತ ಕೆಳಗೆ ಹುಳಿ ಮಣ್ಣು, ಮೇಲೆ ಕ್ಷಾರ. ಬೀನ್ಸ್‌ಗೆ 6ರಿಂದ 7 ಹಿತ. ಮಲೆನಾಡಿನಂತೆ ಮಳೆ ಜಾಸ್ತಿ ಇರುವ ಕಡೆ ಮಣ್ಣು ಹುಳಿ. ಅಲ್ಲಿ ರಂಜಕ ಸಿಗುವುದಿಲ್ಲ, ಬೇರಿನ ಗಂಟಿಗೆ ಬೇಕಾದ ಮಾಲಿಬ್ಡಿನಂ ಸಿಗುವುದಿಲ್ಲ, ರೈಜೋಬಿಯಂ ಸೊರಗುತ್ತದೆ. ಬಿತ್ತುವ ಎರಡು ಮೂರು ವಾರ ಮೊದಲೇ ಕೃಷಿ ಸುಣ್ಣ ಬೆರೆಸಬೇಕು, ಪ್ರಮಾಣ ಕಾರ್ಡ್ ನೋಡಿ. ಪಿಎಚ್ 7.5 ದಾಟಿದ ಮಣ್ಣಲ್ಲಿ ತೊಂದರೆ ಬೇರೆ: ಕಬ್ಬಿಣ, ಸತು ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಬೀಗ ಹಾಕಿದ ಉಗ್ರಾಣದ ಹಾಗೆ.

ಎರಡನೆಯದು ಇಸಿ, ಅಂದರೆ ಉಪ್ಪಿನಂಶ. ತರಕಾರಿಗಳಲ್ಲಿ ಉಪ್ಪನ್ನು ತಡೆಯಲಾರದವುಗಳ ಪಟ್ಟಿ ಮಾಡಿದರೆ ಬೀನ್ಸ್ ಮುಂದೆಯೇ ಇರುತ್ತದೆ. ಕೊಳವೆಬಾವಿ ನೀರಿನ ಇಸಿ 0.7 (ಡಿಎಸ್/ಮೀ ಅಳತೆಯಲ್ಲಿ) ದಾಟಿದರೆ ಇಳುವರಿ ಕುಗ್ಗಲು ಶುರು. 1.0ಕ್ಕೆ ಸುಮಾರು 100ಕ್ಕೆ 10ರಷ್ಟು ನಷ್ಟ, 1.5ಕ್ಕೆ ಕಾಲು ಭಾಗ ಹೋಗುತ್ತದೆ. ಬೋರ್‌ವೆಲ್ ನೀರನ್ನೇ ನಂಬಿದವರು ಮಣ್ಣಿನ ಜೊತೆ ಒಂದು ಬಾಟಲಿ ನೀರನ್ನೂ ಪರೀಕ್ಷೆಗೆ ಕೊಡುವುದು ಒಳ್ಳೆಯದು. ನೀರು ಉಪ್ಪಾಗಿದ್ದರೆ ಮ್ಯೂರಿಯೇಟ್ ಬದಲು ಸಲ್ಫೇಟ್ ಆಫ್ ಪೊಟ್ಯಾಷ್ ವಾಸಿ. ಮ್ಯೂರಿಯೇಟ್‌ನಲ್ಲಿ ಕ್ಲೋರಿನ್ ಅಂಶವಿದೆ, ಬೀನ್ಸ್‌ಗೆ ಅದು ಜಾಸ್ತಿಯಾದರೆ ಆಗುವುದಿಲ್ಲ. ಸಲ್ಫೇಟ್ ದುಬಾರಿ, ಹಾಗಾಗಿ ಅಗತ್ಯ ಇದ್ದರೆ ಮಾತ್ರ.

ಮೂರನೆಯದು ಸಾವಯವ ಇಂಗಾಲ. 0.5ಕ್ಕಿಂತ ಕಮ್ಮಿ ಇದ್ದರೆ ಮಣ್ಣು ಬಡವಾಗಿದೆ, 0.75 ದಾಟಿದರೆ ಚೆನ್ನಾಗಿದೆ. ರಂಜಕದ ಕಾಲಂನಲ್ಲಿ "ಹೆಚ್ಚು" ಎಂದು ಬಂದಿದ್ದರೆ ಡಿಎಪಿ ಕಮ್ಮಿ ಮಾಡಬಹುದು. ವರ್ಷಕ್ಕೆ ಮೂರು ಬೆಳೆ ತೆಗೆದು ಪ್ರತಿ ಸಲ ಡಿಎಪಿ ಹಾಕಿದ ತರಕಾರಿ ಹೊಲಗಳಲ್ಲಿ ರಂಜಕ ಕೂತಿರುವುದು ಸಾಮಾನ್ಯ.

ಎಲೆ ಹೇಳುವ ಮಾತು

ಹಳದಿ ಎಲೆ ಕಂಡ ತಕ್ಷಣ ಯೂರಿಯಾ ಎರಚುವುದು ನಮ್ಮಲ್ಲಿ ರೂಢಿ. ಮೊದಲು ನೋಡಬೇಕಾದ್ದು ಹಳದಿ ಎಲ್ಲಿದೆ ಎಂದು. ಕೆಳಗಿನ ಹಳೆಯ ಎಲೆಯೋ, ತುದಿಯ ಎಳೆ ಎಲೆಯೋ?

ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಿದ್ದಾಗ ಹಳೆಯ ಎಲೆ ತನ್ನಲ್ಲಿದ್ದದ್ದನ್ನು ಎಳೆ ಎಲೆಗೆ ಬಿಟ್ಟುಕೊಡುತ್ತದೆ, ತಾಯಿ ತನ್ನ ತುತ್ತು ಮಗುವಿಗೆ ಕೊಟ್ಟ ಹಾಗೆ. ಹಾಗಾಗಿ ಲಕ್ಷಣ ಕೆಳಗಿನ ಎಲೆಯಲ್ಲಿ ಮೊದಲು. ಇಡೀ ಎಲೆ ಹಳದಿಯಾದರೆ ಸಾರಜನಕ. ಅಂಚು ಸುಟ್ಟ ಹಾಗಿದ್ದರೆ ಪೊಟ್ಯಾಷ್. ನರ ಹಸಿರಾಗಿಯೇ ಉಳಿದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ.

ಕಬ್ಬಿಣ ಹಾಗೆ ಓಡಾಡದು. ತುದಿಯ ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಬಲೆಯಂತೆ ಕಂಡರೆ ಅದರ ಕೊರತೆ. ಸತು ಕಮ್ಮಿಯಾದರೆ ಗಿಡ ಕುಳ್ಳಾಗಿ ಎಲೆ ಚಿಕ್ಕದಾಗುತ್ತದೆ. ಬೀನ್ಸ್‌ಗೆ ಸತುವಿನ ಕೊರತೆ ಬೇಗ ತಟ್ಟುತ್ತದೆ.

ಹಳದಿ, ಹಸಿರು ಅಡ್ಡಾದಿಡ್ಡಿ ಚುಕ್ಕೆ ಚುಕ್ಕೆಯಾಗಿ, ಎಲೆ ಮುದುಡಿದ್ದರೆ ಅದು ಹೆಚ್ಚಾಗಿ ನಂಜು (ವೈರಸ್) ರೋಗ. ಗೊಬ್ಬರ ಹಾಕಿ ಪ್ರಯೋಜನವಿಲ್ಲ. ಬುಡದಲ್ಲಿ ನೀರು ನಿಂತರೂ ಬೇರಿಗೆ ಉಸಿರು ಸಿಗದೆ ಎಲೆ ಹಳದಿಯಾಗುತ್ತದೆ. ಅದಕ್ಕೆ ಬೇಕಾದ್ದು ಬಸಿಗಾಲುವೆ. ಬಿರು ಬೇಸಿಗೆಯಲ್ಲಿ ಹೂವು ಉದುರುವುದು ಬಹುತೇಕ ಬಿಸಿಲಿನ ಝಳಕ್ಕೆ. ಹೂವು ನಿಲ್ಲಿಸುವ ಗೊಬ್ಬರ ಎಂದು ಯಾರಾದರೂ ಕೊಟ್ಟರೆ ಕೊಳ್ಳುವ ಮೊದಲು ಥರ್ಮಾಮೀಟರ್ ನೋಡಿ.

ಬೋರಾನ್: ಚಿಟಿಕೆಯ ವಿಷಯ

2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಉದ್ದಗಲಕ್ಕೂ ಮಣ್ಣು ಪರೀಕ್ಷೆ ಮಾಡಿದಾಗ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತು. ಅಂದಿನಿಂದ ಬೋರಾನ್ ಹೆಸರು ಎಲ್ಲರ ಬಾಯಲ್ಲಿದೆ. ಕೋಸು, ಸೂರ್ಯಕಾಂತಿಗೆ ಅದು ಬೇಕು, ನಿಜ. ಆದರೆ ಬೀನ್ಸ್ ಬೋರಾನ್ ಜಾಸ್ತಿಯಾದರೆ ತಡೆಯದ ಬೆಳೆ. ಸಾಕು ಎನ್ನುವುದಕ್ಕೂ ವಿಷ ಎನ್ನುವುದಕ್ಕೂ ನಡುವೆ ಅಂತರ ಬಹಳ ಕಮ್ಮಿ. ಕೋಸಿಗೆ ಬೋರಾಕ್ಸ್ ಹಾಕಿದ ಸಾಲಿನಲ್ಲೇ ಮುಂದಿನ ಬೆಳೆಯಾಗಿ ಬೀನ್ಸ್ ಇಟ್ಟರೆ ಎಲೆಯಂಚು ಸುಡಬಹುದು. ಪರೀಕ್ಷೆಯಲ್ಲಿ ಕೊರತೆ ಕಾಣದೆ ಬೋರಾಕ್ಸ್ ಮುಟ್ಟಬೇಡಿ.

ಕಿರು ಪೋಷಕಾಂಶಗಳೆಲ್ಲ ಹದವಾಗಿ ಬೇಕೆಂದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ವೆಜಿಟೇಬಲ್ ಸ್ಪೆಷಲ್' ಇದೆ. ಎಲೆಗೆ ಸಿಂಪಡಿಸುವ ಮಿಶ್ರಣ. ಬೀನ್ಸ್‌ಗೆ ಎಷ್ಟು ಎಂದು ಪೊಟ್ಟಣದ ಮೇಲೆ ಇರುವುದನ್ನೇ ಪಾಲಿಸಿ, ಟೊಮೆಟೊದ ಅಳತೆ ಬೇಡ.

ತಾರಸಿಯ ಕುಂಡದಲ್ಲಿ

ಕುಂಡದಲ್ಲಿ ಲೆಕ್ಕವೇ ಬೇರೆ. ಮಣ್ಣು ಕಮ್ಮಿ, ದಿನಾ ನೀರು, ಕೆಳಗಿನ ತೂತಿನಿಂದ ಪೋಷಕಾಂಶ ಬಸಿದುಹೋಗುತ್ತಲೇ ಇರುತ್ತದೆ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಸಮ ಬೆರೆಸಿ. ನಾರಿನ ಪುಡಿಯನ್ನು ಎರಡು ಮೂರು ನೀರಲ್ಲಿ ತೊಳೆದೇ ಬಳಸಿ, ಅದರಲ್ಲೂ ಉಪ್ಪಿರುತ್ತದೆ. 15 ದಿನಕ್ಕೊಮ್ಮೆ ಬುಡಕ್ಕೆ ಒಂದು ಹಿಡಿ ಎರೆಗೊಬ್ಬರ ಸಾಕು, ಇದು ಯೂರಿಯಾದ ಹಾಗೆ ಸುಡುವುದಿಲ್ಲ. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ, ಆದರೆ ಅದು ಕ್ಷಾರ. ನಿಮ್ಮ ನೀರು ಮೊದಲೇ ಗಡಸಾಗಿದ್ದರೆ ಬೂದಿ ಬೇಡ. ಮೊಟ್ಟೆ ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು, ಎರಡು ತಿಂಗಳ ಬೀನ್ಸ್‌ಗೆ ಅದರಿಂದ ಸಿಗುವುದು ಅಷ್ಟಕ್ಕಷ್ಟೆ.

ಕೊಯ್ಲು ಮುಗಿದ ಮೇಲೆ

ಕೊನೆಯ ಕಾಯಿ ಬಿಡಿಸಿದ ಮೇಲೆ ಗಿಡವನ್ನು ಬುಡದಲ್ಲಿ ಕೊಯ್ಯಿರಿ, ಬೇರು ಮಣ್ಣಲ್ಲೇ ಇರಲಿ. ಜಂತುಹುಳುವಿನ ಗಂಟು ಇದ್ದರೆ ಮಾತ್ರ ಬೇರು ಸಮೇತ ಕಿತ್ತು ಹೊಲದಿಂದ ಆಚೆ ಹಾಕಿ. ರೋಗವಿಲ್ಲದ ಸೊಪ್ಪು ತಿಪ್ಪೆಗೆ ಹೋಗಲಿ. ಅದೇ ಮಡಿಯಲ್ಲಿ ಮತ್ತೆ ಬೀನ್ಸ್ ಬೇಡ. ರಾಗಿಯೋ, ಮೆಕ್ಕೆಜೋಳವೋ, ಕೋಸೋ ಬರಲಿ. ಅವುಗಳಿಗೆ ಗೊಬ್ಬರದ ಲೆಕ್ಕ ಹಾಕುವಾಗ "ಹಿಂದೆ ಬೀನ್ಸ್ ಇತ್ತು, ಸಾರಜನಕ ಬಿಟ್ಟುಹೋಗಿರುತ್ತದೆ" ಎಂದು ಜಾಸ್ತಿ ಕಳೆಯಬೇಡಿ. ಅಲಸಂದೆಯೋ ಅಪ್ಸೆಣಬೋ ಆಗಿದ್ದರೆ ಆ ಮಾತು ಸರಿ. ಬೀನ್ಸ್ ಸಂಪಾದಿಸಿದ್ದು ಬಹುಪಾಲು ಕಾಯಿಯ ಜೊತೆ ಮಾರುಕಟ್ಟೆಗೆ ಹೋಗಿರುತ್ತದೆ.